ಹನ್ನೆರಡರಲ್ಲಿ ಒಬ್ಬಳು

ಅಕ್ಟೋಬರ್ 14, 2025, ಮಂಗಳವಾರ
ಸನ್ನಿವೇಲ್

ಜ್ಯೂರಿ ಸಮನ್ಸ್ (ಕೋರ್ಟಿನಲ್ಲಿ ಕುಳಿತು ಮೊಕದ್ದಮೆ ಕೇಳಿ ತೀರ್ಪು ಹೇಳಲು ಸಾಮಾನ್ಯ ಪೌರರಿಗೆ ಬರುವ ಕರೆ) ಬಂದಿದೆ ಎಂದು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ತಿಳಿಸಿದ್ದೇ ತಡ, ತಪ್ಪಿಸಿಕೊಳ್ಳುವ ಉಪಾಯಗಳು ಒಂದರ ಹಿಂದೆ ಒಂದು ಬಂದವು. ಫ್ರೀಮಾಂಟಿನ ಭಾವ, "ಇಂಗ್ಲಿಷ್ ಅಷ್ಟಾಗಿ ಅರ್ಥವಾಗುವುದಿಲ್ಲ ಎಂದು ಬರೆದುಬಿಡಮ್ಮ, ಅವರೇ ಬಿಟ್ಟುಬಿಡುತ್ತಾರೆ" ಎಂದರು. ಪೊಲೀಸರ ಮಾತನ್ನು ನಾನು ನಂಬುವುದೇ ಇಲ್ಲ ಎಂದು ನ್ಯಾಯಾಧೀಶರ ಎದುರು ಹೇಳಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು ಎಂದು ಇನ್ನೊಬ್ಬರು ಬರೆದರು. ಸಾಧಾರಣ ಅಂಚೆಯಲ್ಲಿ ಬಂದದ್ದಲ್ಲವೇ, ಬರಲೇ ಇಲ್ಲ ಎಂದುಕೊಂಡರಾಯಿತು ಎಂಬ ಸಲಹೆಯೂ ಬಂತು. ಕ್ಯಾಲಿಫೋರ್ನಿಯದಲ್ಲಿ ಹಾಗೆ ಸುಮ್ಮನಿದ್ದವರಿಗೆ 1,500 ಡಾಲರಿನವರೆಗೆ ದಂಡ ಹಾಕಲು ಅವಕಾಶವಿದೆ ಎಂದು ನಾನು ತಿಳಿಸಿದ ಮೇಲೆ ಗುಂಪು ತಣ್ಣಗಾಯಿತು.

ಭಾವನ ಉಪಾಯಕ್ಕೆ ನನಗೆ ನಗು ಬಂದದ್ದು ನಿಜ. ಇದೇ ಇಂಗ್ಲಿಷಿನಲ್ಲಿ ಪೌರತ್ವದ ಪರೀಕ್ಷೆ ಕೊಟ್ಟವಳು ನಾನು. ಅಂದು ನೂರು ಪ್ರಶ್ನೆಗಳ ಪಟ್ಟಿಯನ್ನು ಕಂಠಪಾಠ ಮಾಡಬೇಕಿತ್ತು. ಹತ್ತನ್ನು ಕೇಳಿ, ಆರು ಸರಿಯಾದರೆ ತೇರ್ಗಡೆ ಮಾಡುತ್ತಿದ್ದರು. ಈ ದೇಶದ ಪೌರರಿಗೆ ಮಾತ್ರ ಇರುವ ಒಂದು ಹೊಣೆಯನ್ನು ಹೇಳಿ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿತ್ತು. ಅದಕ್ಕೆ ಒಪ್ಪುವ ಉತ್ತರಗಳು ಎರಡು: ಜ್ಯೂರಿಯಲ್ಲಿ ಕುಳಿತುಕೊಳ್ಳುವುದು, ಫೆಡರಲ್ ಚುನಾವಣೆಯಲ್ಲಿ ಮತ ಹಾಕುವುದು. ಮತ ಹಾಕಿದ ದಿನ ಸ್ಟಿಕರ್ ಅಂಟಿಸಿಕೊಂಡು ಫೋಟೋ ಹಾಕುವ ನಮ್ಮವರೇ ಇನ್ನೊಂದು ಉತ್ತರದ ವಿಷಯ ಬಂದಾಗ ಹೀಗೆ ಮಾತನಾಡುತ್ತಾರೆ.

ನವೆಂಬರ್ 3ರ ವಾರಕ್ಕೆ ಕರೆದಿದ್ದಾರೆ. ಒಂದು ದಿನ ಅಥವಾ ಒಂದು ಮೊಕದ್ದಮೆ ಎಂಬುದು ಇಲ್ಲಿಯ ನಿಯಮ. ಆ ದಿನ ಯಾವ ಮೊಕದ್ದಮೆಗೂ ಆರಿಸಿಕೊಳ್ಳದಿದ್ದರೆ ಒಂದು ವರ್ಷ ಮತ್ತೆ ಕರೆಯುವುದಿಲ್ಲ. ರಾಜ್ಯದ ಕಾನೂನಿನಂತೆ ಮೊದಲ ದಿನಕ್ಕೆ ಭತ್ಯೆಯಿಲ್ಲ, ಎರಡನೆಯ ದಿನದಿಂದ ದಿನಕ್ಕೆ 15 ಡಾಲರ್. ಜ್ಯೂರಿಗೆ ಹೋದವರನ್ನು ಕೆಲಸದಿಂದ ತೆಗೆಯಬಾರದು ಎನ್ನುವ ಕಾನೂನು, ಆ ದಿನಗಳ ಸಂಬಳ ಕೊಡಲೇಬೇಕು ಎಂದು ಖಾಸಗಿ ಕಂಪನಿಗಳಿಗೆ ಹೇಳುವುದಿಲ್ಲ. ನನ್ನ ಕಂಪನಿ ಕೊಡುತ್ತದೆ. ಹೀಗಿರುವಾಗ ಹೋಟೆಲಿನಲ್ಲಿ ಗಂಟೆಯ ಲೆಕ್ಕಕ್ಕೆ ದುಡಿಯುವವನು ಕಷ್ಟ ಹೇಳಿಕೊಂಡು ಬಿಡುಗಡೆ ಪಡೆದರೆ ಅದು ನ್ಯಾಯವೇ. ಸಂಬಳ ಕಡಿತವಾಗದ ನಾನು ಯಾವ ಬಾಯಿಯಿಂದ ಕೇಳಲಿ?

ಆದರೆ ಕೇಳಲು ನನ್ನ ಬಳಿ ಒಂದು ಕಾರಣವಿದೆ, ಅದು ಮುಕ್ಕಾಲು ಪಾಲು ನಿಜವೂ ಆಗಿದೆ. ವಯಸ್ಸಾದವರನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳುವ ಹೊಣೆ ಇದ್ದರೆ ವಿನಾಯಿತಿ ಕೇಳಬಹುದು. ಅಮ್ಮ ಜನವರಿಯವರೆಗೆ ಇಲ್ಲಿರುತ್ತಾಳೆ, ಮಂಡಿನೋವಿನಿಂದಾಗಿ ಮೆಟ್ಟಿಲು ಹತ್ತಲಾರಳು, ಹಗಲೆಲ್ಲ ಒಬ್ಬಳನ್ನೇ ಬಿಟ್ಟು ಹೋಗುವಂತಿಲ್ಲ. ಆದರೆ ಅದೇ ನಿಯಮ, ನಿಮ್ಮ ಬದಲು ನೋಡಿಕೊಳ್ಳಲು ಬೇರೆ ಯಾರೂ ಸಿಗದಿದ್ದರೆ ಎಂದೂ ಹೇಳುತ್ತದೆ. ಫ್ರೀಮಾಂಟಿನಲ್ಲಿ ಅಕ್ಕ ಇದ್ದಾಳೆ. ಬರೆಯುವುದೆಲ್ಲವನ್ನೂ ನಿಜವೆಂದು ಪ್ರಮಾಣ ಮಾಡಿ ಬರೆಯಬೇಕು. ಅಮ್ಮನ ಮಂಡಿಯನ್ನು ಮಾತ್ರ ಬರೆದು ಅಕ್ಕನನ್ನು ಬಿಟ್ಟುಬಿಡುವುದು ಸುಳ್ಳೋ ಅಲ್ಲವೋ ಎಂದು ನಿನ್ನೆಯಿಂದ ನನ್ನೊಳಗೇ ವಾದ ನಡೆದಿದೆ.

ಸಂಜೆ ಅಮ್ಮ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು (ಇಂಡಿಯನ್ ಅಂಗಡಿಯ ಅವರೆ, ಅರ್ಧಕ್ಕರ್ಧ ಹುಳುಕು). ಹನ್ನೆರಡು ಜನ ಸಾಮಾನ್ಯರನ್ನು ಕೂರಿಸಿ ನ್ಯಾಯ ಕೇಳುತ್ತಾರೆ ಎಂದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮ್ಮಪ್ಪನೂ ಪಂಚಾಯಿತಿಗೆ ಹೋಗುತ್ತಿದ್ದರಲ್ಲ. ಗದ್ದೆ ಬದುವಿನ ಜಗಳ, ಪಾಲಿನ ಜಗಳ. ಹಾಗೆ ತೀರ್ಮಾನ ಹೇಳಿ ಬಂದ ರಾತ್ರಿ ಅವರು ಊಟ ಮಾಡುತ್ತಿರಲಿಲ್ಲ" ಎಂದಳು. ಯಾಕೆ ಎಂದು ಕೇಳಿದೆ. "ಸೋತವನೂ ನಮ್ಮ ಊರಿನವನೇ ತಾನೇ" ಎಂದು ಸುಮ್ಮನಾದಳು.

ಸ್ವಲ್ಪ ಹೊತ್ತಿನ ಮೇಲೆ, "ಹನ್ನೆರಡು ಜನರೂ ಒಪ್ಪಬೇಕೋ, ಹೆಚ್ಚು ಜನ ಹೇಳಿದ್ದೇ ಸರಿಯೋ?" ಎಂದು ಕೇಳಿದಳು. ಸಿವಿಲ್ ವ್ಯಾಜ್ಯವಾದರೆ ಒಂಬತ್ತು ಜನ ಸಾಕು, ಕ್ರಿಮಿನಲ್ ಮೊಕದ್ದಮೆಯಲ್ಲಿ ಹನ್ನೆರಡೂ ಜನ ಒಪ್ಪಬೇಕು, ಒಬ್ಬರು ಒಪ್ಪದಿದ್ದರೂ ತೀರ್ಪಿಲ್ಲ, ಸರ್ಕಾರಕ್ಕೆ ಬೇಕೆನಿಸಿದರೆ ಇನ್ನೊಂದು ಜ್ಯೂರಿಯ ಮುಂದೆ ಮೊದಲಿನಿಂದ ವಿಚಾರಣೆ ನಡೆಸಬೇಕಾಗುತ್ತದೆ ಎಂದೆ. ಅಮ್ಮ ಕೈಯಲ್ಲಿದ್ದ ಕಾಯಿಯನ್ನು ತಟ್ಟೆಗೆ ಹಾಕಿ ನನ್ನ ಮುಖ ನೋಡಿದಳು. "ಹನ್ನೊಂದು ಜನ ಒಂದು ಕಡೆ ಇದ್ದರೆ ನೀನೊಬ್ಬಳೇ ಇನ್ನೊಂದು ಕಡೆ ನಿಲ್ಲುತ್ತೀಯಾ ಪುಟ್ಟಿ? ಯಾರಾದರೂ ದನಿ ಏರಿಸಿದರೆ ಆಯಿತು ಬಿಡಿ ಎಂದು ಎದ್ದು ಹೋಗುವವಳು ನೀನು, ಚಿಕ್ಕಂದಿನಿಂದಲೂ."

ನಾನು ಉತ್ತರ ಕೊಡಲಿಲ್ಲ. ಆಫೀಸಿನ ಮೀಟಿಂಗುಗಳಲ್ಲಿ ನಾಲ್ಕು ಜನ ಒಂದೇ ಮಾತು ಹೇಳಿದಾಗ, ಅದು ತಪ್ಪೆಂದು ಗೊತ್ತಿದ್ದೂ, ನನ್ನ ವಾಕ್ಯಗಳು ಗಂಟಲಿನಲ್ಲೇ ಮೃದುವಾಗಿ ಕೊನೆಗೆ ತಲೆಯಾಡಿಸುವುದರಲ್ಲಿ ಮುಗಿಯುವುದನ್ನು ಅಮ್ಮ ಕಂಡಿಲ್ಲ; ಆದರೂ ಅವಳಿಗೆ ಗೊತ್ತಿದೆ. ಅಲ್ಲಿ ಹಾಳಾಗುವುದು ಸಾಫ್ಟ್‌ವೇರಿನ ಒಂದು ರಿಲೀಸ್ ಅಷ್ಟೇ. ಇಲ್ಲಿ ಸ್ಯಾನ್ ಹೋಸೆಯ ಹೆಡಿಂಗ್ ಬೀದಿಯ ಕೋರ್ಟಿನಲ್ಲಿ ಒಬ್ಬ ಮನುಷ್ಯ ಕುಳಿತಿರುತ್ತಾನೆ.

ಊಟದ ಹೊತ್ತಿಗೆ ಇವರು, ಹೆಂಡತಿಯ ಪ್ರಿಯಕರನನ್ನು 1959ರಲ್ಲಿ ಬೊಂಬಾಯಿಯಲ್ಲಿ ಗುಂಡಿಕ್ಕಿ ಕೊಂದ ನೌಕಾಧಿಕಾರಿ ನಾನಾವತಿಯ ಪ್ರಕರಣವನ್ನು ಎತ್ತಿದರು. ಜ್ಯೂರಿಯ ಹಣೆಬರಹ ಅಷ್ಟೇ, ಅದೊಂದು ಮೊಕದ್ದಮೆಯ ನಂತರ ನಮ್ಮ ದೇಶವೇ ಅದನ್ನು ಕೈಬಿಟ್ಟಿತು ಎಂಬುದು ಇವರ ವಾದ. ಹಾಗೆ ಹೇಳುವುದು ಎಲ್ಲರಿಗೂ ರೂಢಿಯಾಗಿದೆ. ವಾಸ್ತವದಲ್ಲಿ ಕಾನೂನು ಆಯೋಗ 1958ರಲ್ಲೇ, ಅಂದರೆ ನಾನಾವತಿ ಗುಂಡು ಹಾರಿಸುವ ಮೊದಲೇ, ಜ್ಯೂರಿ ಬೇಡವೆಂದು ಶಿಫಾರಸು ಮಾಡಿತ್ತು. ಪೂರ್ತಿಯಾಗಿ ಹೋದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆಯಿಂದ. ನನಗೆ ಆ ಪ್ರಕರಣದಲ್ಲಿ ಕಾಡುವುದು ಬೇರೆಯೇ ಸಂಗತಿ. ಒಂಬತ್ತು ಜ್ಯೂರರುಗಳಲ್ಲಿ ಎಂಟು ಮಂದಿ ನಿರ್ದೋಷಿ ಎಂದರು, ಒಬ್ಬರು ಒಪ್ಪಲಿಲ್ಲ. ಹೊರಗೆ ಇಡೀ ಬೊಂಬಾಯಿ ಆ ನೌಕಾಧಿಕಾರಿಯ ಪರ ಇದ್ದಂತಿತ್ತು, ಪತ್ರಿಕೆಗಳೂ ಅದನ್ನೇ ಹೇಳುತ್ತಿದ್ದವು. ನ್ಯಾಯಾಧೀಶರು ಎಂಟು ಮಂದಿಯ ಮಾತನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟೂ, 1961ರಲ್ಲಿ ಸುಪ್ರೀಂ ಕೋರ್ಟೂ ದೋಷಿ ಎಂದೇ ತೀರ್ಮಾನಿಸಿದವು. ಆ ಒಂಬತ್ತನೆಯವರ ಹೆಸರನ್ನು ನಾನು ಎಲ್ಲಿಯೂ ಓದಿದ ನೆನಪಿಲ್ಲ. ಆ ಕೋಣೆಯೊಳಗೆ ಅವರು ಎಂಟು ಜನರ ಮುಂದೆ ಏನು ಹೇಳಿರಬಹುದು, ದನಿ ನಡುಗಿತೇ, ಆಯಿತು ಬಿಡಿ ಎನ್ನಬೇಕೆಂದು ಒಮ್ಮೆಯಾದರೂ ಅನಿಸಿತೇ?

ಇವರಿಗೆ ಇದನ್ನೆಲ್ಲ ಹೇಳಿದಾಗ, "ಹಾಗಾದರೆ ಹೆದರಿಕೆ ಇರುವ ನೀನು ಹೋಗದಿರುವುದೇ ಆರೋಪಿಗೆ ಒಳ್ಳೆಯದಲ್ಲವೇ?" ಎಂದರು. ತಮಾಷೆಗೆ ಹೇಳಿದ್ದು. ಆದರೆ ವಾದ ಗಟ್ಟಿಯಾಗಿದೆ.

ಗಟ್ಟಿಯಾದ ವಾದವನ್ನು ಒಪ್ಪಲಾಗದಿರುವುದಕ್ಕೆ ಕಾರಣ ವೈಷ್ಣೋ ದಾಸ್ ಬಾಗಾಯಿ. ಬರ್ಕ್ಲಿಯಲ್ಲಿ ಅವರ ಹೆಂಡತಿ ಕಲಾ ಬಾಗಾಯಿಯವರ ಹೆಸರಿನ ಬೀದಿಯನ್ನು ನೋಡಿದ ಮೇಲೆ ಅವರ ಬಗ್ಗೆ ಓದಿದ್ದೆ. 1915ರಲ್ಲಿ ಹೆಂಡತಿ ಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಅಂಗಡಿ ಇಟ್ಟು, ಈ ದೇಶದ ಪೌರರಾದರು. 1923ರಲ್ಲಿ ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಪೌರರಾಗುವಂತಿಲ್ಲ ಎಂದು ಇಲ್ಲಿಯ ಸುಪ್ರೀಂ ಕೋರ್ಟು ಹೇಳಿದಾಗ ಕೊಟ್ಟ ಪೌರತ್ವವನ್ನೂ ಕಿತ್ತುಕೊಂಡರು. 1928ರಲ್ಲಿ ಪತ್ರಿಕೆಗೆ ಒಂದು ಪತ್ರ ಬರೆದಿಟ್ಟು, ಇದೇ ಸ್ಯಾನ್ ಹೋಸೆಯ ಬಾಡಿಗೆ ಕೋಣೆಯಲ್ಲಿ ಪ್ರಾಣ ಕಳೆದುಕೊಂಡರು. ನಮ್ಮವರು ಪೌರರಾಗಬಹುದು ಎಂಬ ಕಾನೂನು ಬಂದದ್ದು 1946ರಲ್ಲಿ. ಜ್ಯೂರಿಯ ಕುರ್ಚಿಗೆ ನನ್ನಂಥವಳನ್ನು ಕರೆಯುವುದೇ ಎಷ್ಟು ಇತ್ತೀಚಿನದು ಎಂಬುದನ್ನು ಭಾವನಿಗೆ ಹೇಳಬೇಕೆಂದುಕೊಂಡೆ, ಗುಂಪಿನಲ್ಲಿ ಬರೆಯಲೂ ಹೊರಟೆ, ಉಪದೇಶದಂತೆ ಕಂಡಿತು, ಅಳಿಸಿದೆ.

ಇನ್ನೊಂದು ದಾರಿಯೂ ಇದೆ. ಒಮ್ಮೆ ಮುಂದೂಡಿ ಎಂದು ಕೇಳಿದರೆ ತಕರಾರಿಲ್ಲದೆ ಬೇರೆ ವಾರ ಕೊಡುತ್ತಾರೆ. ಅಮ್ಮ ಊರಿಗೆ ಹೋದ ಮೇಲೆ, ಫೆಬ್ರವರಿಗೆ ಹಾಕಿಸಿಕೊಳ್ಳಬಹುದು. ಅದರಲ್ಲಿ ಸುಳ್ಳಿಲ್ಲ. ಆದರೆ ಅಕ್ಕನಿಗೆ ನಾನು ಇನ್ನೂ ಫೋನ್ ಮಾಡಿಲ್ಲ. ಮಾಡಿದರೆ, ಒಂದು ವಾರ ತಾನೇ, ಅಮ್ಮನನ್ನು ಇಲ್ಲಿಗೆ ತಂದುಬಿಡು ಎಂದೇ ಅವಳು ಹೇಳುವಳು, ಆಗ ಮುಂದೂಡಲು ಅಮ್ಮನ ಮಂಡಿಯ ನೆಪವೂ ಉಳಿಯುವುದಿಲ್ಲ, ಮತ್ತು ಫೆಬ್ರವರಿಯ ಹೊತ್ತಿಗೆ ನನ್ನ ದನಿಯೇನು ಬದಲಾಗಿರುತ್ತದೆಯೇ ಎಂದು ಅಮ್ಮ ಕೇಳಿದರೆ