ಆರಿದ ಮೇಲೆ ಚೆಲ್ಲು

ನಾಗರ ಪಂಚಮಿ ಮುಗಿದು ಎರಡು ದಿನ ಆಯಿತು. ಕೈಯಿಂದ ಅರಶಿನ ಎಲೆಯ ಪರಿಮಳ ಇನ್ನೂ ಹೋಗಿಲ್ಲ. ಮಂಗಳೂರಿನ ಹತ್ತಿರದ ಕುಡುಪು ದೇವಸ್ಥಾನದಲ್ಲಿ ಅನಂತಪದ್ಮನಾಭನ ಎದುರು ಆ ನೂಕುನುಗ್ಗಲಿನ ಮಧ್ಯೆ ನಿಂತಿದ್ದೆ. ಅಡಿಕೆಯ ಹಿಂಗಾರ, ಕೇದಗೆ, ಒದ್ದೆ ಸೀರೆ, ಹಾಲು ಎಲ್ಲ ಸೇರಿದ ವಾಸನೆ. ಯಾಕೋ ಕಣ್ಣು ತುಂಬಿತು. ನೆನಪಾದದ್ದು ಅಜ್ಜಿ.

ಭತ್ತ ಬೇಯಿಸಿದ ಹಂಡೆಯ ನೀರನ್ನು ಅಜ್ಜಿ ಯಾವತ್ತೂ ಬಿಸಿಬಿಸಿ ಚೆಲ್ಲಿದವರಲ್ಲ. ಬದಿಗಿಟ್ಟು ಕಾಯುತ್ತಿದ್ದರು. ಆಮೇಲೆ ಬೆರಳು ಅದ್ದಿ ನೋಡಿ, ತೆಂಗಿನ ಬುಡಕ್ಕೆ ನಿಧಾನವಾಗಿ ಹೊಯ್ಯುತ್ತಿದ್ದರು. "ಮಣ್ಣಿನ ಒಳಗೆ ಎಷ್ಟು ಜೀವ ಉಂಟು ಮಗಾ, ಸುಟ್ಟುಹೋಗ್ತದೆ" ಎನ್ನುತ್ತಿದ್ದರು. ಪಂಚಮಿಯ ದಿನವಂತೂ ನೆಲಕ್ಕೆ ಹಾರೆ ತಾಗಿಸುವ ಹಾಗಿರಲಿಲ್ಲ.

ಮನೆಯ ಹಿಂದೆ ನಮ್ಮ ನಾಗಬನ. ಹಾಲೆ ಮರ, ಕಾಡುಮಾವು, ತೋಳಿನಷ್ಟು ದಪ್ಪದ ಬಳ್ಳಿಗಳು. ಮಧ್ಯಾಹ್ನವೂ ಕತ್ತಲೆ. ಒಳಗೆ ಹೋಗುವ ಮೊದಲು ಅಜ್ಜಿ ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದರು. ನಾಗನ ಮನೆ ಅದು, ಹೇಳಿಯೇ ಹೋಗಬೇಕು ಅಲ್ವಾ? ಅಲ್ಲಿಯ ಒಣಕಡ್ಡಿಯನ್ನೂ ಒಲೆಗೆ ತಂದವರಲ್ಲ. ಕಾಲು ಹೂತುಹೋಗುವಷ್ಟು ತರಗೆಲೆ ಬಿದ್ದಿರುತ್ತಿತ್ತು. ಮಳೆಯನ್ನು ಹಿಡಿದಿಟ್ಟು ಮೆಲ್ಲ ನೆಲಕ್ಕೆ ಇಳಿಸುತ್ತಿದ್ದದ್ದು ಅದೇ. ಪಕ್ಕದ ಬಾವಿಯಲ್ಲಿ ಬೇಸಿಗೆಯಲ್ಲೂ ನೀರಿತ್ತು.

ಈಗ ಅಲ್ಲಿ ಕಾಂಕ್ರೀಟ್ ಕಟ್ಟೆ, ಸುತ್ತ ಟೈಲ್ಸ್. ಜೀರ್ಣೋದ್ಧಾರ ಅಂತ ಕುಟುಂಬದವರೆಲ್ಲ ಸೇರಿ ಮಾಡಿಸಿದ್ದು. ನಾನೂ ಹಣ ಕೊಟ್ಟವಳೇ, ಹೇಳುವಾಗ ಹೊಟ್ಟೆ ಉರಿಯುತ್ತದೆ. ಈ ಸಲ ನಾಗನಿಗೆ ತನು ಎಂದು ಎರೆದ ಹಾಲು ಇಂಗಲು ಮಣ್ಣೇ ಸಿಗದೆ, ಟೈಲ್ಸ್ ಮೇಲೆ ಹರಿದು, ಖಾಲಿ ಹಾಲಿನ ಪ್ಯಾಕೆಟ್‌ಗಳನ್ನು ದಾಟಿ ಚರಂಡಿಗೆ ಹೋಯಿತು. ನೆರಳು ಬೇಕಾದವನಿಗೆ ಬಿಸಿಲು ಕೊಟ್ಟು ಹಾಲು ಎರೆದರೆ ಅವನು ತಂಪಾಗುವುದು ಹೇಗೆ?

ಆಸ್ತೀಕ ಸರ್ಪಯಾಗ ನಿಲ್ಲಿಸಿದ್ದು ಪಂಚಮಿಯಂದೇ ಅನ್ನುತ್ತಾರೆ. ಜನಮೇಜಯನ ಸಿಟ್ಟು ಇದ್ದದ್ದು ತಕ್ಷಕನೊಬ್ಬನ ಮೇಲೆ. ಬೆಂಕಿಗೆ ಬೀಳುತ್ತಿದ್ದದ್ದು ಮಾತ್ರ ಹಾವಿನ ಕುಲವೇ. ಅಷ್ಟು ದೊಡ್ಡವರ ಸಭೆಯಲ್ಲಿ ಸಾಕು ಎಂದವನು ಒಬ್ಬ ಸಣ್ಣ ಹುಡುಗ. ದಾರಿಯಲ್ಲಿ ನಾಗ ಸತ್ತು ಬಿದ್ದಿದ್ದರೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡುವ ಊರು ನಮ್ಮದು. ಆ ಕರುಣೆ ಬದುಕಿರುವ ನಾಗನಿಗೂ ಸಿಗಲಿ. ಬರುವ ವರ್ಷ ಕಟ್ಟೆಯ ಸುತ್ತ ಟೈಲ್ಸ್ ತೆಗೆಸಿ ಹಾಲೆ ಗಿಡ ನೆಡೋಣ ಎಂದು ದೊಡ್ಡಪ್ಪನ ಹತ್ತಿರ ಕೇಳಿಕೊಂಡಿದ್ದೇನೆ.

ಹಬ್ಬದ ಗಟ್ಟಿಗೆ, ಅಂದರೆ ಎಲೆಯಲ್ಲಿ ಸುತ್ತಿ ಬೇಯಿಸುವ ಸಿಹಿ ಕಡುಬಿಗೆ, ಅರಶಿನ ಎಲೆ ಎಂದಿನಂತೆ ಪಕ್ಕದ ಮನೆಯ ಬಾಯಮ್ಮನ ಹಿತ್ತಿಲಿನದ್ದು. ಕೇಳುವ ಮೊದಲೇ ಕೊಯ್ದು ತಂದುಕೊಟ್ಟಿದ್ದರು. ಬೆಲ್ಲ, ತೆಂಗಿನಕಾಯಿ ಹಾಕಿ ಬೇಯಿಸಿದ ಮೊದಲ ನಾಲ್ಕು ಗಟ್ಟಿ ಅವರ ಮನೆಗೇ ಹೋಯಿತು. ವಾಪಸ್ ಬಂದು ನೋಡಿದರೆ ಮಗಳು ಇಡ್ಲಿ ಪಾತ್ರೆಯನ್ನು ಹಿತ್ತಿಲ ಮೆಟ್ಟಿಲ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ಒಳಗಿನ ನೀರಿಗೆ ಅರಶಿನ ಎಲೆಯ ಘಮ. ಬೆರಳು ಅದ್ದಿ, ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು.

"ಇನ್ನೂ ಬಿಸಿ ಉಂಟಮ್ಮ," ಎಂದಳು.