ಕೆಳಗಿದ್ದವರು ಅಡ್ಡ ಬರುವುದಿಲ್ಲ

ಹಿಮದ ಇಳಿಜಾರಿನಲ್ಲಿ ಸ್ಕೀ ಮಾಡುತ್ತಾ ಇನ್ನೊಬ್ಬರಿಗೆ ಗುದ್ದಿದವರು ಮೊದಲು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. "ಅವರು ಇದ್ದಕ್ಕಿದ್ದ ಹಾಗೆ ಅಡ್ಡ ಬಂದುಬಿಟ್ಟರು." ಅಮೆರಿಕದ ಕೊಲರಾಡೊದ ಒಂದು ರೆಸಾರ್ಟ್‌ನಲ್ಲಿ ಸ್ಕೀ ಪಟ್ರೋಲ್, ಅಂದರೆ ಇಳಿಜಾರಿನಲ್ಲಿ ಪೆಟ್ಟಾದವರನ್ನು ನೋಡಿಕೊಳ್ಳುವ ಕೆಲಸ ಮಾಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕಳೆದ ಸೀಸನ್‌ನ ಒಂದು ಶನಿವಾರ ಇದನ್ನು ಕೇಳಿಸಿಕೊಂಡಾಗ ಮಾತ್ರ ಸಿಟ್ಟು ತಡೆದುಕೊಳ್ಳುವುದು ಕಷ್ಟವಾಯಿತು. "ಅಡ್ಡ ಬಂದ" ಆ ಮಹಿಳೆ ಹಿಮದ ಮೇಲೆ ಮಲಗಿದ್ದರು. ಅವರ ತಲೆ ಅಲುಗದ ಹಾಗೆ ನಾನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ.

ಜಾಗ ನಮಗೆಲ್ಲ ಗೊತ್ತಿರುವುದೇ. ಮೇಲಿನ ಬ್ಲೂ ರನ್ (ಮಧ್ಯಮ ಕಷ್ಟದ ಇಳಿಜಾರು) ಬಂದು ಗ್ರೀನ್ ರನ್‌ಗೆ (ಸುಲಭದ್ದು) ಸೇರುವ ಕಡೆ. "ಸ್ಲೋ" ಅಂತ ದೊಡ್ಡ ಬ್ಯಾನರ್ ಕಟ್ಟಿದ್ದೇವೆ. ಊಟದ ನಂತರದ ಹೊತ್ತು, ಮೋಡ ಮುಚ್ಚಿ, ಹಿಮದ ಉಬ್ಬುತಗ್ಗು ಕಾಣದ ಹಾಗೆ ಬೆಳಕು ಫ್ಲಾಟ್ ಆಗಿತ್ತು. ಡಿಸ್ಪ್ಯಾಚ್‌ನಿಂದ ರೇಡಿಯೋದಲ್ಲಿ ಟೆನ್-ಫಿಫ್ಟಿ, ಅಂದರೆ ಅಪಘಾತದ ಕರೆ ಬಂತು, ಕೊಲಿಷನ್ ಅಂದರು. ನಾನು ಹತ್ತಿರದಲ್ಲೇ ಇದ್ದೆ, ಮೊದಲು ತಲುಪಿದೆ. ಮೇಲಿಂದ ಬರುವವರಿಗೆ ಕಾಣಲಿ ಅಂತ ಸ್ಕೀ ಬಿಚ್ಚಿ ಮೇಲ್ಗಡೆ ಅಡ್ಡಡ್ಡ ಚುಚ್ಚಿ ಕೂತೆ.

ಆಕೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರು. "ನಾನು ಎಲ್ಲಿದ್ದೇನೆ?" ಹೇಳಿದರೆ ಹೂಂ ಅನ್ನುವುದು, ಅರ್ಧ ನಿಮಿಷ ಬಿಟ್ಟು ಮತ್ತೆ ಅದೇ. ಹೆಲ್ಮೆಟ್ ಹಿಂಭಾಗ ಸೀಳಿತ್ತು. ಪೆಟ್ಟಾದವರನ್ನು ಕೆಳಗಿಳಿಸುವ ಜಾರುಬಂಡಿ, ಟೊಬಾಗನ್, ಇನ್ನೂ ಮೇಲಿಂದ ಹೊರಟಿರಲಿಲ್ಲ. ಅಷ್ಟರಲ್ಲಿ ಗುದ್ದಿದ ಹುಡುಗ ಸ್ನೋಬೋರ್ಡ್‌ನ ಸ್ಟ್ರಾಪ್ ಬಿಗಿಯಲು ಶುರು ಮಾಡಿದ. ಕೆಳಗೆ ಫ್ರೆಂಡ್ಸ್ ಕಾಯುತ್ತಿದ್ದಾರಂತೆ.

"ಹೋಗಬೇಡಪ್ಪಾ. ಹೆಸರು, ವಿಳಾಸ ಕೊಡಬೇಕು. ಇದು ಕಾನೂನು," ಅಂತ ಇಂಗ್ಲಿಷಿನಲ್ಲಿ ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ.

"ನನ್ನನ್ನು ಅರೆಸ್ಟ್ ಮಾಡಿದ್ದೀರಾ?" ಅಂದ.

ನಾನು ಪೊಲೀಸ್ ಅಲ್ಲ. ಕೈ ಬಿಟ್ಟು ಎದ್ದು ಅವನನ್ನು ಹಿಡಿಯುವ ಹಾಗಿಲ್ಲ. ಕುತ್ತಿಗೆಗೆ ಏನಾಗಿದೆಯೋ ಗೊತ್ತಿಲ್ಲದಿರುವಾಗ ಆ ತಲೆ ಬಿಡುವ ಪ್ರಶ್ನೆಯೇ ಇಲ್ಲ. ರೇಡಿಯೋ ಎದೆ ಮೇಲಿದೆ, ಬಟನ್ ಒತ್ತಲೂ ಕೈ ಬೇಕು. ಆ ಮೂರ್ನಾಲ್ಕು ನಿಮಿಷ ಎಷ್ಟು ಉದ್ದ ಇತ್ತು ಅಂತ ಈ ಕೆಲಸ ಮಾಡಿದವರಿಗೇ ಗೊತ್ತು. ಸುಮ್ಮನೆ ನಿಂತು ನೋಡುತ್ತಿದ್ದವರಲ್ಲಿ ವಯಸ್ಸಾದ ಒಬ್ಬಾಕೆ ಮುಂದೆ ಬಂದರು. ಅವನ ಎದುರು ನಿಂತರು. ಬೈಯಲಿಲ್ಲ, ಪಕ್ಕದಲ್ಲಿ ಕೂತುಕೋ ಅಂದರು ಅಷ್ಟೇ. ಅವನು ಕೂತ. ಸ್ವಲ್ಪ ಹೊತ್ತಿನಲ್ಲಿ ಅಳುತ್ತಿದ್ದ. ಇನ್ನೂ ಕಾಲೇಜು ವಯಸ್ಸಿನವನು.

ಆಮೇಲೆ ಇನ್ನೊಬ್ಬರು ಬಂದರು. ಮೇಲೆ ಚೇರ್‌ಲಿಫ್ಟ್‌ನಲ್ಲಿ ಹೋಗುತ್ತಾ ಎಲ್ಲವನ್ನೂ ನೋಡಿದ್ದವರು. ತುದಿಯಲ್ಲಿ ಇಳಿದು, ನಮ್ಮನ್ನು ಹುಡುಕಿಕೊಂಡು ಜಾರಿ ಬಂದು, "ಆಕೆ ಸಣ್ಣ ತಿರುವು ಹಾಕಿಕೊಂಡು ನಿಧಾನ ಹೋಗುತ್ತಿದ್ದರು, ಇವನು ಮೇಲಿಂದ ನೇರ ಬಂದ" ಎಂದು ಹೇಳಿ ಹೆಸರು ಬರೆಸಿದರು. ಅವರ ಆ ದಿನದ ಒಂದು ರನ್ ಹಾಳಾಯಿತು. ಇಡೀ ಫೈಲ್ ನಿಂತಿರುವುದು ಅವರ ಮಾತಿನ ಮೇಲೆ.

ಕೊಲರಾಡೊದಲ್ಲಿ 1979ರ ಸ್ಕೀ ಸೇಫ್ಟಿ ಆಕ್ಟ್ ಇದೆ. ಬಂಡೆ, ಮರ, ಐಸ್, ಬದಲಾಗುವ ಹಿಮ ಇವೆಲ್ಲ ಆಟದಲ್ಲೇ ಇರುವ ಅಪಾಯ. ಅದಕ್ಕಾಗಿ ರೆಸಾರ್ಟ್ ಮೇಲೆ ಕೇಸ್ ನಿಲ್ಲುವುದಿಲ್ಲ. ಬಹಳ ಜನ ಇಷ್ಟು ಮಾತ್ರ ಕೇಳಿಸಿಕೊಂಡು, ಒಬ್ಬರು ಇನ್ನೊಬ್ಬರಿಗೆ ಗುದ್ದುವುದೂ ಅದರಲ್ಲೇ ಸೇರಿದೆ ಅಂದುಕೊಂಡಿದ್ದಾರೆ. ಸೇರಿಲ್ಲ. ಒಬ್ಬ ಸ್ಕೀಯರ್ ಇನ್ನೊಬ್ಬರ ಮೇಲೆ ಹಾಕುವ ಕೇಸಿನಲ್ಲಿ ಡಿಕ್ಕಿ ಆಟದ ಸಹಜ ಅಪಾಯ ಅಲ್ಲ ಎಂದು ಅದೇ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಕೆಳಗಿದ್ದವರನ್ನು ತಪ್ಪಿಸಿಕೊಂಡು ಹೋಗುವ ಮುಖ್ಯ ಹೊಣೆ ಮೇಲಿನಿಂದ ಬರುವವರದು. ಪೆಟ್ಟಾಗಿದ್ದರೆ ಹೆಸರು, ವಿಳಾಸ ಕೊಡದೆ ಜಾಗ ಬಿಡುವ ಹಾಗಿಲ್ಲ. ಸಹಾಯ ಕರೆಯಲು ಹೋಗಬಹುದು, ಆಮೇಲೆ ಬಂದು ಕೊಡಲೇಬೇಕು.

ಹೊಸದಾಗಿ ಸೇರುವ ಲಿಫ್ಟ್ ಹುಡುಗರಿಗೆ ನಾನು ಕೊಲರಾಡೊದ್ದೇ ಇನ್ನೊಂದು ರೆಸಾರ್ಟ್ ವೈಲ್‌ನ ಕೇಸ್ ಹೇಳುತ್ತೇನೆ. 1997ರ ಏಪ್ರಿಲ್, ಸೀಸನ್‌ನ ಕೊನೆಯ ದಿನ. ಲಿಫ್ಟ್ ಆಪರೇಟರ್ ಆಗಿದ್ದ 18ರ ಹುಡುಗ ಶಿಫ್ಟ್ ಮುಗಿಸಿ ಕೆಳಗೆ ಹೊರಟ. ಶಾಲೆಯಲ್ಲಿ ರೇಸ್ ಮಾಡಿದ್ದವನು, ಸ್ಕೀಯಿಂಗ್ ಚೆನ್ನಾಗಿಯೇ ಬರುತ್ತಿತ್ತು. ಉಬ್ಬುತಗ್ಗಿನ ಇಳಿಜಾರಿನಲ್ಲಿ ಹತೋಟಿ ತಪ್ಪುವಷ್ಟು ವೇಗವಾಗಿ ಬಂದು ಒಬ್ಬರಿಗೆ ಗುದ್ದಿದ. ಅವರು ತೀರಿಕೊಂಡರು. ಕೆಳಗಿನ ಎರಡು ಕೋರ್ಟ್‌ಗಳು, ಜೋರಾಗಿ ಜಾರುವುದನ್ನು ಸಾವು ತರುವಂಥ ಅಪಾಯ ಅಂತ ಹೇಳಲಾಗದು ಎಂದು ಮೊಕದ್ದಮೆ ಕೈಬಿಟ್ಟವು. 2000ದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು, ಜ್ಯೂರಿ ತೀರ್ಮಾನಿಸಲಿ ಎಂದಿತು. ಜ್ಯೂರಿ ಅವನನ್ನು ನಿರ್ಲಕ್ಷ್ಯದಿಂದಾದ ಸಾವಿನ ಅಪರಾಧಿ ಅಂದಿತು. 90 ದಿನ ಜೈಲು. ಮಕ್ಕಳು ತಣ್ಣಗಾಗಿ ಕೇಳುತ್ತಾರೆ, ಯಾಕೆಂದರೆ ಅವನೂ ಅವರ ಹಾಗೇ ಜಾಕೆಟ್ ಹಾಕಿಕೊಂಡು ಲಿಫ್ಟ್ ಹತ್ತಿರ ನಿಂತಿದ್ದವನು.

ಯುರೋಪಿನಲ್ಲೂ ಇಷ್ಟೇ. 2009ರ ಹೊಸ ವರ್ಷದ ದಿನ ಆಸ್ಟ್ರಿಯಾದಲ್ಲಿ ಜರ್ಮನಿಯ ತುರಿಂಗಿಯಾ ರಾಜ್ಯದ ಮುಖ್ಯಸ್ಥ ಡೀಟರ್ ಆಲ್ಟ್‌ಹೌಸ್ ಒಬ್ಬ ಮಹಿಳೆಗೆ ಡಿಕ್ಕಿ ಹೊಡೆದರು, ಆಕೆ ಸತ್ತರು. ಅವರಿಗೂ ತಲೆಗೆ ಭಾರಿ ಪೆಟ್ಟಾಗಿತ್ತು. ಆದರೂ ಎರಡೇ ತಿಂಗಳಲ್ಲಿ ಕೋರ್ಟ್ ಅವರನ್ನು ತಪ್ಪಿತಸ್ಥ ಎಂದು 33,300 ಯೂರೋ ದಂಡ ಹಾಕಿತು.

ಹಾಲಿವುಡ್ ನಟಿ ಗ್ವಿನೆತ್ ಪಾಲ್ಟ್ರೋ ತನಗೆ ಗುದ್ದಿದರು ಎಂದು ಒಬ್ಬರು ಹಾಕಿದ ಕೇಸನ್ನು ಜನ ಮನರಂಜನೆಗೆ ನೋಡಿದರು. ಯೂಟಾದ ಡಿಯರ್ ವ್ಯಾಲಿಯಲ್ಲಿ ಡಿಕ್ಕಿ ಆಗಿದ್ದು 2016ರಲ್ಲಿ, ವಿಚಾರಣೆ 2023ರಲ್ಲಿ. ಏಳು ವರ್ಷ ಕಳೆದ ಮೇಲೆ ತಜ್ಞರು ಅನಿಮೇಷನ್ ಹಾಕಿ ವಾದಿಸಿದ್ದೂ ಇದನ್ನೇ: ಯಾರು ಮೇಲಿದ್ದರು, ಯಾರು ಕೆಳಗಿದ್ದರು. ಅವತ್ತು ಇಳಿಜಾರಿನಲ್ಲಿ ಬರೆದ ರಿಪೋರ್ಟ್ ಸರಿಯೋ ತಪ್ಪೋ ಅನ್ನುವುದೇ ದೊಡ್ಡ ಜಗಳ ಆಯಿತು. ಕೊನೆಗೆ ಪೂರ್ತಿ ತಪ್ಪು ಕೇಸ್ ಹಾಕಿದವರದೇ ಎಂದು ಜ್ಯೂರಿ ಹೇಳಿ, ಪಾಲ್ಟ್ರೋ ಕೇಳಿದ್ದ 1 ಡಾಲರ್ ಕೊಡಿಸಿತು. ಆ ರಿಪೋರ್ಟ್ ಬರೆಯುವವರು ನಮ್ಮಂಥವರು. ಅದಕ್ಕೇ ರಿಪೋರ್ಟ್ ಬರೆಯಲು ನಮಗೆ ಕೊಟ್ಟಿರುವ ಟ್ಯಾಬ್ಲೆಟ್ ಕಂಪ್ಯೂಟರ್ ಬಗ್ಗೆ ನನಗೆ ಇಷ್ಟು ಕೋಪ. ಚಳಿಗೆ ಬ್ಯಾಟರಿ ಸಾಯುತ್ತದೆ, ಗ್ಲೌಸ್ ಹಾಕಿದರೆ ಸ್ಕ್ರೀನ್ ಕೆಲಸ ಮಾಡುವುದಿಲ್ಲ, ಸಾಕ್ಷಿಯ ಹೇಳಿಕೆಗೆ ಎರಡೇ ಸಾಲು ಜಾಗ. ಪೆನ್ಸಿಲ್ ಮತ್ತು ವಾಟರ್‌ಪ್ರೂಫ್ ಪುಸ್ತಕ ಜೇಬಿನಲ್ಲಿ ಇಟ್ಟುಕೊಳ್ಳಿ ಅಂತ ತಂಡದವರಿಗೆ ಹೇಳುತ್ತಿದ್ದೇನೆ. ಗೆರೆ ಎಳೆದು ತೋರಿಸಿ: ಇವರು ಇಲ್ಲಿ, ಅವರು ಅಲ್ಲಿ, ಹಿಮದ ಮೇಲಿನ ಗುರುತು ಹೀಗೆ. ಹೊಸ ಹಿಮ ಬಿದ್ದರೆ ಅರ್ಧ ಗಂಟೆಯಲ್ಲಿ ಆ ಗುರುತೇ ಇರುವುದಿಲ್ಲ.

ಡೆನ್ವರ್‌ನ ಕನ್ನಡದ ಗೆಳೆಯರು ಚಳಿಗಾಲ ಬಂದರೆ ಫೋನ್ ಮಾಡುತ್ತಾರೆ. "ಅಣ್ಣಾ, ನಾವೇ ಯಾರಿಗಾದರೂ ಗುದ್ದಿದರೆ ಏನು ಗತಿ?" ಒಳ್ಳೆಯ ಪ್ರಶ್ನೆ. ಇಟಲಿಯಲ್ಲಿ 2022ರಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ ಇಲ್ಲದೆ ಸ್ಕೀ ಮಾಡುವ ಹಾಗಿಲ್ಲ. ಇಲ್ಲಿ ಅಂಥ ನಿಯಮ ಇಲ್ಲ. ಆದರೆ ಸಾಮಾನ್ಯವಾಗಿ ಮನೆಯ ಅಥವಾ ಬಾಡಿಗೆದಾರರ ವಿಮೆಯ ಲಯಬಿಲಿಟಿ ಭಾಗ ಇದಕ್ಕೆ ಬರುತ್ತದೆ, ಬೇಕಂತಲೇ ಮಾಡಿದ್ದಕ್ಕೆ ಬರುವುದಿಲ್ಲ. ಹೊರಡುವ ಮುಂಚೆ ಪಾಲಿಸಿ ತೆಗೆದು ನೋಡಿ. ಒಂದು ದಿನದ ಲೆಸನ್ ತಗೊಳ್ಳಿ, ನಿಲ್ಲಿಸುವುದು ಬಂದ ಮೇಲೆ ಲಿಫ್ಟ್ ಹತ್ತಿ. ಗುದ್ದಿದರೆ ಅಲ್ಲೇ ಇರಿ.

ಆ ಜಂಕ್ಷನ್‌ನಲ್ಲಿ ಬ್ಯಾನರ್ ಸಾಲದು, ವಾರಾಂತ್ಯದಲ್ಲಿ ಒಬ್ಬ ಮನುಷ್ಯ ನಿಲ್ಲಲೇಬೇಕು, ಜೋರಾಗಿ ಬಂದವರ ಲಿಫ್ಟ್ ಪಾಸ್ ಅಲ್ಲೇ ಕಿತ್ತುಕೊಳ್ಳುವ ಅಧಿಕಾರ ಅವರಿಗೆ ಇರಬೇಕು ಅಂತ ಮ್ಯಾನೇಜ್‌ಮೆಂಟ್‌ಗೆ ಬರೆದಿದ್ದೇನೆ. ಬಜೆಟ್ ನೋಡುತ್ತೇವೆ ಅಂದಿದ್ದಾರೆ. ನವೆಂಬರ್‌ನ ಮೊದಲ ಮೀಟಿಂಗ್‌ನಲ್ಲಿ ಮತ್ತೆ ಕೇಳುತ್ತೇನೆ.