ಅದು ಯೆಹೂದ್ಯರ ಗ್ರಂಥ ಅಲ್ವಾ? ನೀವು ಯಾಕೆ ಓದ್ತೀರಿ?

ಕ್ರಿಸ್‌ಮಸ್ ಬಂತೆಂದರೆ ಬಳ್ಳಾರಿಯಲ್ಲಿ ನನ್ನನ್ನು ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅಕ್ಕಪಕ್ಕದವರು, ಜೊತೆಯಲ್ಲಿ ಕೆಲಸ ಮಾಡುವವರು ನಮ್ಮ ಚರ್ಚಿನ ಆರಾಧನೆಗೆ ಬಂದಿರುತ್ತಾರೆ. ಅಲ್ಲಿ ಪ್ರವಾದಿ ಯೆಶಾಯನ ಪುಸ್ತಕ ಓದುವುದು ಕಿವಿಗೆ ಬೀಳುತ್ತದೆ. "ಅಲ್ರೀ, ಯೇಸು ಹುಟ್ಟೋದಕ್ಕಿಂತ ನೂರಾರು ವರ್ಷ ಮೊದಲಿನ ಪುಸ್ತಕ ಅದು. ಅದರಲ್ಲಿ ಯೇಸು ಎಲ್ಲಿಂದ ಬಂದರು?"

ಒಳ್ಳೆಯ ಪ್ರಶ್ನೆ. ಮೊದಲು ಒಂದು ಮಾತು: ಯೇಸು ಯೆಹೂದ್ಯರು. ಅವರ ಶಿಷ್ಯರೂ ಯೆಹೂದ್ಯರೇ, ಮೊದಲ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲನೂ ಅಷ್ಟೇ. ಬೈಬಲಿನ ಮೊದಲ ಭಾಗವನ್ನು, ಅಂದರೆ ನಾವು ಈಗ ಹಳೆಯ ಒಡಂಬಡಿಕೆ ಎನ್ನುವುದೇ ಅವರ ಪವಿತ್ರ ಗ್ರಂಥ. ಶಿಲುಬೆಯ ಮೇಲೆ ಯೇಸು "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?" ಎಂದು ಕೂಗಿದರಲ್ಲ, ಅದು 22ನೇ ಕೀರ್ತನೆಯ ಮೊದಲ ಸಾಲು. ಪ್ರಾಣ ಹೋಗುವ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಆ ಪ್ರಾರ್ಥನೆ.

ಇನ್ನು ಪ್ರವಾದನೆಯ ವಿಷಯ. ನಮ್ಮ ಕಡೆ ಈ ಮಾತು ಬಂದ ತಕ್ಷಣ ಜನರಿಗೆ ಮೈಲಾರದ ಕಾರಣಿಕ ನೆನಪಾಗುತ್ತದೆ. ಗೊರವಯ್ಯ ಬಿಲ್ಲೇರಿ ಒಂದು ಮಾತು ನುಡಿಯುತ್ತಾರೆ. ಮಳೆ ಬೆಳೆ ಹೇಗೋ ಎಂದು ವರ್ಷವಿಡೀ ಅದರ ಅರ್ಥ ಹುಡುಕುತ್ತಾರೆ. ಬೈಬಲಿನ ಪ್ರವಾದಿಗಳೂ ಹೀಗೇ ಮುಂದಾಗುವುದನ್ನು ನುಡಿದರು, ಅದು ಯೇಸುವಿನಲ್ಲಿ ನಿಜವಾಯಿತು ಎಂದು ಗೆಳೆಯರು ಅಂದುಕೊಳ್ಳುತ್ತಾರೆ. ಅಂಥದ್ದೂ ಇದೆ. ಇಸ್ರಾಯೇಲನ್ನು ಆಳುವವನು ಬೆತ್ಲೆಹೇಮಿನಿಂದ ಬರುತ್ತಾನೆ ಎಂದು ಪ್ರವಾದಿ ಮೀಕ ಹೇಳಿದ್ದ. ಯೇಸುವಿನ ಚರಿತ್ರೆ ಬರೆದ ಮತ್ತಾಯ ಅದನ್ನು ನೆನಪಿಸುತ್ತಾನೆ. ಆದರೆ ನನ್ನ ಮಟ್ಟಿಗೆ ಇದು ವಿಷಯದ ಚಿಕ್ಕ ಭಾಗ.

ಪ್ರವಾದಿ ಹೋಶೇಯನನ್ನು ನೋಡಿ. "ನನ್ನ ಮಗನನ್ನು ಐಗುಪ್ತದಿಂದ ಕರೆದೆ" ಎಂದು ಅವನ ಪುಸ್ತಕದಲ್ಲಿ ದೇವರು ಹೇಳುತ್ತಾನೆ. ಅಲ್ಲಿ ಮಗ ಎಂದರೆ ಇಸ್ರಾಯೇಲ್ ಜನಾಂಗ, ಅಂದರೆ ಯೆಹೂದ್ಯರ ಪೂರ್ವಜರು; ಐಗುಪ್ತ ಎಂದರೆ ಈಜಿಪ್ಟ್. ಮೋಶೆಯ ಕಾಲದಲ್ಲಿ ಗುಲಾಮಗಿರಿಯಿಂದ ಬಿಡಿಸಿದ ಮಾತು ಅದು, ಅಂದರೆ ಆಗಲೇ ಆಗಿಹೋದದ್ದು. ಅದರಲ್ಲಿ ಭವಿಷ್ಯವೇ ಇಲ್ಲ. ಆದರೂ ರಾಜ ಹೆರೋದನಿಗೆ ಹೆದರಿ ಐಗುಪ್ತಕ್ಕೆ ಓಡಿದ ಮರಿಯ, ಯೋಸೇಫ, ಮಗು ಯೇಸುವಿನ ಕಥೆ ಹೇಳುವಾಗ, ಈ ಮಾತು ಇಲ್ಲಿ ನೆರವೇರಿತು ಎನ್ನುತ್ತಾನೆ ಮತ್ತಾಯ. ಅವನಿಗೆ ಹೋಶೇಯ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿಯೇ ಗೊತ್ತಿತ್ತು. ಇಡೀ ಜನಾಂಗ ನಡೆದ ದಾರಿಯನ್ನು ಈ ಒಬ್ಬ ಮಗ ಮತ್ತೆ ನಡೆಯುತ್ತಿದ್ದಾನೆ, ಅವರು ಎಡವಿದಲ್ಲಿ ಎಡವದೆ ನಡೆಯುತ್ತಾನೆ ಎಂಬುದು ಅವನ ನಂಬಿಕೆ. ನಾವು ನೆರವೇರಿತು ಎನ್ನುವಾಗ ಜಾಸ್ತಿ ಸಲ ಹೇಳುತ್ತಿರುವುದು ಇದನ್ನೇ.

ಯೆಹೂದ್ಯರ ಬಿಡುಗಡೆಯ ಹಬ್ಬವಾದ ಪಸ್ಕದ ಕುರಿಮರಿಯೂ ಹಾಗೆಯೇ. ಐಗುಪ್ತದಿಂದ ಹೊರಟ ರಾತ್ರಿ ಅದರ ರಕ್ತವನ್ನು ಬಾಗಿಲಿಗೆ ಹಚ್ಚಿದ ಮನೆಗಳು ಸಾವಿನಿಂದ ಉಳಿದವು. ಅದರ ಎಲುಬು ಮುರಿಯಬಾರದು ಎಂಬ ನಿಯಮವೂ ಇತ್ತು. ಯೇಸುವನ್ನು ಶಿಲುಬೆಗೆ ಹಾಕಿದ್ದು ಪಸ್ಕ ಹಬ್ಬದ ಸಮಯದಲ್ಲಿ. ಸೈನಿಕರು ಅವರ ಕಾಲು ಮುರಿಯಲಿಲ್ಲ ಎಂದು ಯೇಸುವಿನ ಚರಿತ್ರೆ ಬರೆದ ಇನ್ನೊಬ್ಬ, ಯೋಹಾನ, ಬರೆದಿಡುತ್ತಾನೆ. ಎಲುಬು ಮುರಿಯಬಾರದು ಎಂಬ ಶಾಸ್ತ್ರದ ಮಾತು ನೆರವೇರಲೆಂದೇ ಹೀಗಾಯಿತು ಎಂದೂ ಅವನೇ ಹೇಳುತ್ತಾನೆ.

ಯೆಶಾಯನ 53ನೇ ಅಧ್ಯಾಯ ಓದುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೇರೆಯವರ ತಪ್ಪಿಗೆ ಪೆಟ್ಟು ತಿಂದು, ಬಾಯಿ ತೆರೆಯದೆ ಸಾಯುವ ಸೇವಕ ಅಲ್ಲಿ ಬರುತ್ತಾನೆ. ಯೇಸುವಿನ ನಂತರ ಯಾರೋ ಸೇರಿಸಿದ್ದಿರಬೇಕು ಎಂದು ಕೆಲವರು ಅನುಮಾನಿಸುತ್ತಾರೆ. ಹಾಗಿಲ್ಲ. 1947ರಲ್ಲಿ ಮೃತ ಸಮುದ್ರದ ಹತ್ತಿರದ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ ಯೇಸುವಿಗಿಂತ ನೂರು ವರ್ಷಕ್ಕೂ ಹಳೆಯದು. ಈ ಅಧ್ಯಾಯ ಅದರಲ್ಲಿದೆ. ಆದರೆ ಆ ಸೇವಕ ಯಾರು ಎಂಬುದು ಬೇರೆ ಮಾತು. ಅವನು ಇಸ್ರಾಯೇಲ್ ಜನಾಂಗವೇ ಎಂದು ಅನೇಕ ಯೆಹೂದ್ಯರು ಓದುತ್ತಾರೆ. ಅದಕ್ಕೆ ಆಧಾರ ಅದೇ ಪುಸ್ತಕದ 49ನೇ ಅಧ್ಯಾಯದಲ್ಲಿದೆ. ಅವರ ಓದನ್ನು ಸುಮ್ನೆ ತಳ್ಳಿಹಾಕುವ ಕ್ರೈಸ್ತರನ್ನು ಕಂಡರೆ ನನಗೆ ನೋವಾಗುತ್ತದೆ. ಯೇಸು ಸಾವಿನಿಂದ ಎದ್ದು ಬಂದರು ಎಂದು ನಂಬಿದ ಮೇಲೆ ನಾವು ಹಿಂದಕ್ಕೆ ತಿರುಗಿ ಓದಿದೆವು, ಆಗ ಆ ಸೇವಕನಲ್ಲಿ ಅವರ ಮುಖ ಕಂಡಿತು. ಪುರಾವೆ ತೋರಿಸಿ ಯಾರನ್ನೋ ಸೋಲಿಸುವ ಓದಲ್ಲ ಇದು. "ನೀನು ಬೇರನ್ನು ಹೊತ್ತಿಲ್ಲ, ಬೇರೇ ನಿನ್ನನ್ನು ಹೊತ್ತಿದೆ" ಎಂದು ಪೌಲ ರೋಮಿನವರಿಗೆ ಬರೆದದ್ದು ಯೆಹೂದ್ಯರಲ್ಲದ ನಮ್ಮಂಥವರಿಗಾಗಿಯೇ.

ಹಳೆಯದನ್ನು ಬಿಟ್ಟುಬಿಡೋಣ ಎಂದವರು ಹಿಂದೆಯೂ ಇದ್ದರು. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಾಗೆಂದ. ರೋಮಿನ ಸಭೆ ಒಪ್ಪಲಿಲ್ಲ. 1810ರಲ್ಲಿ ನಮ್ಮ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಕನ್ನಡಕ್ಕೆ ತಂದದ್ದೂ ಎರಡೂ ಒಡಂಬಡಿಕೆಗಳನ್ನು.

"ಹಾಗಾದ್ರೆ ಎಲ್ಲಾ ನೆರವೇರಿತಾ?" ಎಂದು ಕೆಲವರು ಪಟ್ಟು ಹಿಡಿಯುತ್ತಾರೆ. ಇಲ್ಲ. ಜನಾಂಗಗಳು ಕತ್ತಿಯನ್ನು ಬಡಿದು ನೇಗಿಲ ಗುಳ ಮಾಡಿಕೊಳ್ಳುತ್ತವೆ ಎಂದು ಯೆಶಾಯ ಹೇಳಿದ್ದು ಇನ್ನೂ ಆಗಿಲ್ಲ. ಇದಕ್ಕೇ ಯೆಹೂದ್ಯರು ಮೆಸ್ಸೀಯ, ಅಂದರೆ ದೇವರು ಕಳಿಸುವ ರಕ್ಷಕ, ಇನ್ನೂ ಬಂದಿಲ್ಲ ಎನ್ನುತ್ತಾರೆ. ನಾವು ಅವರು ಬಂದರು, ಮತ್ತೆ ಬರುತ್ತಾರೆ ಎನ್ನುತ್ತೇವೆ. ಆ ಮಾತಿಗಾಗಿ ಇಬ್ಬರೂ ಕಾಯುತ್ತಿದ್ದೇವೆ.